ಸೊಳ್ಳೆ ಪಾಠಕ್ಕೆ ಯಾವ ಆಟ? ದೊಡ್ಡವರ ಗುಂಪಿಗೆ ಆರಿಸಿಕೊಳ್ಳುವ ಬಗೆ

ಮುಂಗಾರು ಹತ್ತಿರ ಬಂತು ಅಂದರೆ ಆಶಾ ಕಾರ್ಯಕರ್ತೆಯರಿಗೆ, ಅಪಾರ್ಟ್‌ಮೆಂಟ್ ಸಂಘದವರಿಗೆ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಎಚ್‌ಆರ್‌ನವರಿಗೆ ಒಂದೇ ಕೆಲಸ ಬೀಳುತ್ತದೆ. ಡೆಂಗಿ ಬಗ್ಗೆ ಜನರಿಗೆ ತಿಳಿಸಬೇಕು. ಭಾಷಣ ಮಾಡಿದರೆ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಾರೆ. ಕರಪತ್ರ ಕೊಟ್ಟರೆ ಕುರ್ಚಿ ಒರೆಸಿಕೊಳ್ಳುತ್ತಾರೆ. ಸರಿ, ಆಟ ಆಡಿಸೋಣ ಅನ್ನುವ ಯೋಚನೆ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಯಾವ ಆಟ? ಹಾವು ಏಣಿಯೋ, ತಂಬೋಲವೋ, ಫೋನ್ ಕ್ವಿಜ್ಜೋ, ಮನೆ ಮನೆ ಸುತ್ತಿ ಲಾರ್ವಾ, ಅಂದರೆ ನೀರಿನಲ್ಲಿ ಮಿಸುಕುವ ಸೊಳ್ಳೆ ಮರಿ, ಹುಡುಕುವುದೋ? ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ.

ಆರಿಸುವ ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ದೊಡ್ಡವರಿಗೆ ‘ನೀರು ನಿಲ್ಲಬಾರದು’ ಅಂತ ಗೊತ್ತು. ಯಾರನ್ನು ಕೇಳಿದರೂ ಹೇಳುತ್ತಾರೆ. ಗೊತ್ತಿದ್ದೂ ಮಾಡದಿರುವುದು ಹೊಸದೇನೂ ಅಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಜೀವಿಯನ್ನು ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ವರ್ಷಗಳ ಮೊದಲು, 1883ರ ಹೊತ್ತಿಗೆ, ಬೆಂಗಳೂರಿನ ದಂಡಿನಲ್ಲಿ ಡಾಕ್ಟರಾಗಿದ್ದರು. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿ ಹೊರಗಿನ ತೊಟ್ಟಿಯಲ್ಲಿ ಮರಿಗಳು ಮಿಸುಕುತ್ತಿದ್ದವು. ತೊಟ್ಟಿ ಬೋರಲು ಹಾಕಿದರು, ಕಾಟ ತಗ್ಗಿತು. ಮೆಸ್ಸಿನಲ್ಲೂ ಹೀಗೇ ಮಾಡೋಣ ಅಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಏನೋ ಕಾರಣಕ್ಕೆ ಸೃಷ್ಟಿಸಿರುತ್ತಾನೆ, ಸೃಷ್ಟಿಯ ಕ್ರಮ ಕೆಡಿಸಬಾರದು ಅನ್ನುವ ವಾದ! ನಮ್ಮ ಬೀದಿಯಲ್ಲಿ ಇಷ್ಟು ದೊಡ್ಡ ವಾದ ಮಾಡುವವರು ಕಡಿಮೆ. ‘ನಾಳೆ ಮಾಡ್ತೀನಿ ಬಿಡಿ’ ಅನ್ನುವವರು ಜಾಸ್ತಿ.

ಹಾಗಾಗಿ ಪ್ರತಿ ಆಟಕ್ಕೂ ನಾನು ಕೇಳುವ ಪ್ರಶ್ನೆ ಇದು: ಆಟ ಮುಗಿದ ಮೇಲೆ ಆಡಿದವರು ತಮ್ಮ ಮನೆಯ ಡ್ರಮ್ಮಿನ ಹತ್ತಿರ ಹೋಗುತ್ತಾರಾ? ಇದಕ್ಕೆ ಉತ್ತರ ‘ಇಲ್ಲ’ ಅನ್ನುವ ಆಟವೂ ಬೇಕಾಗಬಹುದು. ಜನ ಸೇರಿಸಲು, ನಗಿಸಲು, ಮಾತು ಶುರು ಮಾಡಲು. ಆದರೆ ಅದೊಂದನ್ನೇ ಆಡಿಸಿ ಕೈ ತೊಳೆದುಕೊಂಡರೆ ಫೋಟೊ ಮಾತ್ರ ಉಳಿಯುತ್ತದೆ.

ಹಾವು ಏಣಿ

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಕಾರಣವೂ ಇದೆ. ನಿಯಮ ಹೇಳಿಕೊಡಬೇಕಿಲ್ಲ, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಬರುತ್ತದೆ. ಪುಣ್ಯ ಮಾಡಿದವರು ಮೇಲೆ, ಪಾಪ ಮಾಡಿದವರು ಕೆಳಗೆ ಅನ್ನುವ ಪರಮಪದ ಸೋಪಾನದ ಪಟ ನಮ್ಮ ಕಡೆಯ ಹಳೆಯ ಆಟ. ಮಾಡಬೇಕಾದ್ದು, ಮಾಡಬಾರದ್ದು ಅನ್ನುವ ಪಾಠ ಅದರೊಳಗೇ ಇದೆ. ಫ್ಲೆಕ್ಸ್‌ನಲ್ಲಿ ದೊಡ್ಡದಾಗಿ ಮುದ್ರಿಸಿ ಸಮುದಾಯ ಭವನದ ನೆಲದ ಮೇಲೆ ಹಾಸಿದರೆ ಜನರೇ ಕಾಯಿಗಳಾಗಿ ನಡೆಯಬಹುದು.

ಕೊರತೆ ಒಂದೇ, ಆದರೆ ದೊಡ್ಡದು. ಇಲ್ಲಿ ಗೆಲ್ಲಿಸುವುದು ದಾಳ. ಡ್ರಮ್ ಮುಚ್ಚಿದ್ದಕ್ಕೆ ಏಣಿ ಹತ್ತಿದೆ ಅಂತ ಪಟ ಹೇಳುತ್ತದೆ. ಆಡಿದವಳಿಗೆ ಗೊತ್ತು, ತಾನು ಏನೂ ಮುಚ್ಚಲಿಲ್ಲ, ಸುಮ್ನೆ ಐದು ಬಿತ್ತು ಅಂತ. ಇದನ್ನು ಸರಿಪಡಿಸಬಹುದು. ಏಣಿಯ ಬುಡಕ್ಕೆ ಬಂದವರು ಪ್ರಶ್ನೆಗೆ ಉತ್ತರ ಹೇಳಿದರೆ ಮಾತ್ರ ಹತ್ತಲಿ. ಹಾವಿನ ಬಾಯಿಗೆ ಬಂದವರಿಗೂ ಒಂದು ಅವಕಾಶ ಇರಲಿ: ಈ ತಪ್ಪನ್ನು ಸರಿಮಾಡುವುದು ಹೇಗೆ ಅಂತ ಹೇಳಿದರೆ ಅಲ್ಲೇ ನಿಲ್ಲಬಹುದು.

ಹಾವುಗಳನ್ನು ಬರೆಯುವಾಗ ಸ್ವಲ್ಪ ತಲೆ ಓಡಿಸಿ. ‘ಕಸ ಎಸೆದೆ’ ಅನ್ನುವ ಹಾವು ಡೆಂಗಿಗೆ ಅಷ್ಟೇನೂ ಹೊಂದುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯ ಶುದ್ಧ ನೀರೇ ಇಷ್ಟ. ‘ಡ್ರಮ್ಮಿನ ನೀರು ಚೆಲ್ಲಿದೆ, ಒಳಗೆ ಉಜ್ಜಲಿಲ್ಲ’ ಅನ್ನುವುದು ಒಳ್ಳೆಯ ಹಾವು. ಯಾಕೆಂದರೆ ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ. ಇನ್ನೊಂದು ಹಾವು ದಂಡದ್ದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಪಟದಲ್ಲಿ ಈ ಹಾವು ಬಂದ ಕೂಡಲೇ ಗಂಡಸರೂ ಬಗ್ಗಿ ನೋಡುತ್ತಾರೆ.

ತಂಬೋಲ, ಒಗಟು ಸೇರಿಸಿ

ಕೂಗಿದ ಅಂಕಿಯನ್ನು ಚೀಟಿಯಲ್ಲಿ ಹೊಡೆಯುತ್ತಾ ಹೋಗುವ ಈ ಆಟ ಮಹಿಳಾ ಮಂಡಳಿ, ಅಪಾರ್ಟ್‌ಮೆಂಟ್ ಕಾರ್ಯಕ್ರಮ, ಕಿಟ್ಟಿ ಪಾರ್ಟಿ ಇವಕ್ಕೆಲ್ಲ ಹೇಳಿ ಮಾಡಿಸಿದ್ದು. ಎಷ್ಟು ಜನ ಇದ್ದರೂ ನಡೆಯುತ್ತದೆ, ಕೂತಲ್ಲೇ ಆಡಬಹುದು. ಅಂಕಿಗಳ ಬದಲು ಚೀಟಿಯಲ್ಲಿ ನೀರು ನಿಲ್ಲುವ ಜಾಗಗಳ ಚಿತ್ರ ಹಾಕಿ: ಫ್ರಿಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಏರ್ ಕೂಲರ್, ಸಂಪು, ಸಿಂಟೆಕ್ಸ್ ಟ್ಯಾಂಕ್, ಹಿತ್ತಲಿನ ಒರಳುಕಲ್ಲು, ಹಳೆ ಟೈರು, ಎಳನೀರಿನ ಬುರುಡೆ. ಮಲೆನಾಡು ಕರಾವಳಿ ಆದರೆ ಬಿದ್ದ ಅಡಿಕೆ ಹಾಳೆಯನ್ನೂ, ರಬ್ಬರ್ ಹಾಲಿಗೆ ಕಟ್ಟುವ ಚಿಪ್ಪನ್ನೂ ಮರೆಯಬೇಡಿ.

ಹೆಸರನ್ನು ನೇರವಾಗಿ ಕೂಗಿದರೆ ಪಾಠ ಅರ್ಧ ಸತ್ತಂತೆ. ಒಗಟು ಹಾಕಿ. ‘ಮುಂದಿನಿಂದ ಹತ್ತು ಸಲ ತೆರೀತೀರ, ನನ್ನ ಬೆನ್ನು ಒಮ್ಮೆಯೂ ನೋಡಲಿಲ್ಲ’ ಅಂದರೆ ಫ್ರಿಜ್ ಟ್ರೇ. ‘ಮೈಯೆಲ್ಲ ಕಲ್ಲು, ಹೊಟ್ಟೆ ಮಾತ್ರ ಹಳ್ಳ, ಮಿಕ್ಸಿ ಬಂದ ಮೇಲೆ ನನ್ನ ಕೇಳೋರಿಲ್ಲ’ ಅಂದರೆ ಒರಳು. ಉತ್ತರ ಹೊಳೆದಾಗ ‘ಅಯ್ಯೋ, ನಮ್ಮನೇಲೂ ಇದೆ’ ಅನ್ನುವ ಉದ್ಗಾರ ಬರುತ್ತದಲ್ಲ, ಅದಕ್ಕಾಗಿಯೇ ಈ ಆಟ. ಫ್ರಿಜ್ಜಿಗೆ ಹಿಂದೆ ಟ್ರೇ ಇದೆ ಅನ್ನುವುದೇ ಎಷ್ಟೋ ಜನರಿಗೆ ಹೊಸ ಸುದ್ದಿ.

ಜಾಗ ಗುರುತಿಸುವುದನ್ನು ತಂಬೋಲ ಚೆನ್ನಾಗಿ ಕಲಿಸುತ್ತದೆ. ಎಷ್ಟು ದಿನಕ್ಕೊಮ್ಮೆ, ಹೇಗೆ ತೊಳೆಯಬೇಕು ಅನ್ನುವುದನ್ನು ಕಲಿಸುವುದಿಲ್ಲ. ಅದಕ್ಕೆ ಮುಂದಿನ ಆಟ.

ಅಳಗುಳಿಮಣೆ

ನನ್ನ ಕೇಳಿದರೆ ಕೂತು ಆಡುವ ಆಟಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಕರಾವಳಿಯವರು ಚೆನ್ನೆಮಣೆ ಅನ್ನಿ. ಎದುರುಬದುರು ಏಳೇಳು ಗುಳಿ. ಒಂದು ಸಾಲು ನಿಮ್ಮ ಮನೆ, ಇನ್ನೊಂದು ಪಕ್ಕದ ಮನೆ. ಪ್ರತಿ ಗುಳಿಯೂ ನೀರಿನ ಒಂದು ಪಾತ್ರೆ. ಹುಣಸೆ ಬೀಜವೇ ಸೊಳ್ಳೆ. ಮಣೆ ಇಲ್ಲದಿದ್ದರೆ ಮೊಟ್ಟೆ ಟ್ರೇ ಕತ್ತರಿಸಿಕೊಳ್ಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು.

ನಿಯಮ ಹೀಗೆ. ಶುರುವಿನಲ್ಲಿ ಪ್ರತಿ ಮನೆಯ ಮೂರು ಗುಳಿಗೆ ಒಂದೊಂದು ಬೀಜ. ಒಂದು ಸುತ್ತು ಅಂದರೆ ಒಂದು ವಾರ. ಪ್ರತಿ ಸುತ್ತಿನಲ್ಲಿ ಆಟಗಾರ ತನ್ನ ಕಡೆಯ ಕೆಲವು ಗುಳಿ ‘ತೊಳೆಯುತ್ತಾನೆ’, ಅಂದರೆ ಬೀಜ ತೆಗೆಯುತ್ತಾನೆ. ತೊಳೆಯದ ಗುಳಿಯಲ್ಲಿ ಬೀಜ ಎರಡರಷ್ಟು ಆಗುತ್ತದೆ. ಒಂದು ಗುಳಿಯಲ್ಲಿ ನಾಲ್ಕು ಸೇರಿತೋ, ಅವು ಹಾರುತ್ತವೆ: ಮಾಮೂಲಿ ಅಳಗುಳಿಯಂತೆ ಮುಂದಿನ ನಾಲ್ಕು ಗುಳಿಗೆ ಒಂದೊಂದು ಹಂಚಿ. ಸಾಲಿನ ತುದಿ ಬಂದರೆ ಪಕ್ಕದ ಮನೆಗೆ ದಾಟಿಸಿ.

ಮೊದಲ ಆಟದಲ್ಲಿ ವಾರಕ್ಕೆ ಒಂದೇ ಗುಳಿ ತೊಳೆಯಲು ಬಿಡಿ. ಮೊದಲ ವಾರ ಮೂರರಲ್ಲಿ ಒಂದು ಹೋಗುತ್ತದೆ, ಉಳಿದೆರಡರಲ್ಲಿ ಎರಡೆರಡು ಬೀಜ. ಎರಡನೇ ವಾರ ಇನ್ನೊಂದು ತೊಳೆದರೂ ಕೊನೆಯದರಲ್ಲಿ ನಾಲ್ಕಾಗಿ ಹಾರುತ್ತದೆ. ಒಂದಿದ್ದದ್ದು ಈಗ ನಾಲ್ಕು ಗುಳಿಯಲ್ಲಿ. ಇನ್ನು ಹಿಡಿಯಲು ಆಗುವುದಿಲ್ಲ. ಎರಡನೇ ಆಟದಲ್ಲಿ ವಾರಕ್ಕೆ ಎರಡು ಗುಳಿ ತೊಳೆಯಲಿ. ಎರಡೇ ವಾರದಲ್ಲಿ ಮನೆ ಖಾಲಿ. ಮೂರನೇ ಆಟದಲ್ಲಿ ಒಬ್ಬರು ಎರಡು, ಇನ್ನೊಬ್ಬರು ಒಂದು. ಆಗ ನೋಡಿ ಮಜಾ. ಎಲ್ಲ ತೊಳೆದುಕೊಂಡು ಕೂತವರ ಗುಳಿಗೆ ಪಕ್ಕದ ಮನೆಯ ಬೀಜ ಬಂದು ಬೀಳುತ್ತದೆ. ಜಗಳ ಶುರುವಾಗುತ್ತದೆ. ಆ ಜಗಳ ಆಗಲೇಬೇಕು, ತಡೆಯಬೇಡಿ.

ಇದರಲ್ಲಿ ಮೂರು ಸತ್ಯ ಕೈಗೆ ಸಿಗುತ್ತವೆ. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರದ ಲೆಕ್ಕ. ಅರ್ಧ ಕೆಲಸ ಮಾಡಿದರೆ ಅರ್ಧ ಫಲ ಸಿಗುವುದಿಲ್ಲ. ಮತ್ತೆ ಈಡಿಸ್ ಬಹು ದೂರ ಹಾರುವ ಸೊಳ್ಳೆ ಅಲ್ಲ, ನಿಮ್ಮನ್ನು ಕಚ್ಚಿದ್ದು ಬಹುಶಃ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹುಟ್ಟಿದ್ದು. ಆಡುವವರು ಚುರುಕಾದ ಮೇಲೆ ಒಂದು ನಿಯಮ ಸೇರಿಸಬಹುದು: ಮಣೆಗೆ ನಾಣ್ಯ ಎಸೆದು, ರಾಜ ಬಿದ್ದರೆ ‘ಉಜ್ಜಲು ಮರೆತಿರಿ’, ತೊಳೆದ ಗುಳಿಯಲ್ಲೂ ಒಂದು ಬೀಜ ಉಳಿಯಲಿ.

ಇಂಥ ಎದುರುಬದುರಿನ ಆಟ ಹೊರಗೂ ಇದೆ. ರೆಡ್‌ಕ್ರಾಸ್ ರೆಡ್‌ಕ್ರೆಸೆಂಟ್ ಹವಾಮಾನ ಕೇಂದ್ರದವರು ಬಳಸುವ ‘ಮನುಷ್ಯರು ಮತ್ತು ಸೊಳ್ಳೆಗಳು’ ಅನ್ನುವ ಆಟದಲ್ಲಿ ಒಂದು ತಂಡ ಸೊಳ್ಳೆ, ಇನ್ನೊಂದು ಮನುಷ್ಯರು. ದೊಡ್ಡವರನ್ನು ಒಮ್ಮೆ ಸೊಳ್ಳೆಯ ಜಾಗದಲ್ಲಿ ನಿಲ್ಲಿಸಿದರೆ, ಮನೆಯ ಯಾವ ಮೂಲೆ ಸುಲಭದ ಗುರಿ ಅಂತ ತಾವೇ ಹುಡುಕುತ್ತಾರೆ.

ಕಾರ್ಡು ಜೋಡಿಸುವುದು

ಸೊಳ್ಳೆ, ನೀರು, ಹೊತ್ತು, ಕಾಯಿಲೆ: ನಾಲ್ಕು ಬಗೆಯ ಕಾರ್ಡು ಮಾಡಿ ಜೋಡಿಸಲು ಹೇಳುವ ಆಟ. ಈಡಿಸ್ ಹಗಲು ಕಚ್ಚುತ್ತದೆ, ಡೆಂಗಿ ಮತ್ತು ಚಿಕುನ್‌ಗುನ್ಯಾ ತರುತ್ತದೆ. ಅನಾಫಿಲಿಸ್ ರಾತ್ರಿಯದು, ಮಲೇರಿಯಾ. ಕ್ಯೂಲೆಕ್ಸ್ ಕೂಡ ರಾತ್ರಿಯದೇ. ಕೊಳಚೆ ನೀರಿನ ಕ್ಯೂಲೆಕ್ಸ್ ಆನೆಕಾಲು ರೋಗ ತಂದರೆ, ಗದ್ದೆ ನೀರಿನ ಕ್ಯೂಲೆಕ್ಸ್ ಮೆದುಳು ಜ್ವರ ತರುತ್ತದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗೆ ಇದು ಬಹಳ ಒಳ್ಳೆಯದು. ಸಾಮಾನ್ಯ ಜನರಿಗೆ ಇಷ್ಟೆಲ್ಲ ಯಾಕೆ? ಒಂದು ಮಾತು ಸಾಕು: ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಮಧ್ಯಾಹ್ನ ಮಲಗುವ ಮಗುವಿಗೂ ಪರದೆ ಬೇಕು.

ಶಿವಮೊಗ್ಗ, ಉತ್ತರ ಕನ್ನಡದ ಕಡೆ ಆಡಿಸುವುದಾದರೆ ಮಂಗನ ಕಾಯಿಲೆಯ ಒಂದು ಕಾರ್ಡನ್ನು ಬೇಕಂತಲೇ ಸೇರಿಸಿ. ಅದು ಯಾವ ಸೊಳ್ಳೆಗೂ ಜೋಡಿಯಾಗಬಾರದು. ಅದನ್ನು ಹರಡುವುದು ಕಾಡಿನ ಉಣ್ಣೆ.

ಫೋನ್ ಕ್ವಿಜ್, ಫೋಟೊ ಸ್ಪರ್ಧೆ

ಐಟಿ ಕಂಪನಿಯವರಿಗೆ, ಸಾವಿರ ಮನೆಗಳ ದೊಡ್ಡ ಲೇಔಟಿಗೆ ಇದು ಸಲೀಸು. ವಾಟ್ಸಾಪ್ ಗುಂಪಿಗೆ ಕೊಂಡಿ ಹಾಕಿದರೆ ಸಂಜೆಯೊಳಗೆ ಉತ್ತರ ಬಂದಿರುತ್ತದೆ. ಆದರೆ ಉತ್ತರ ಕೊಡುವವರು ಸೋಫಾದ ಮೇಲೆ ಕೂತಿರುತ್ತಾರೆ. ಟೆರೇಸ್ ಹತ್ತಿ ಟ್ಯಾಂಕಿನ ಮುಚ್ಚಳ ನೋಡುವುದಿಲ್ಲ. ಅಕ್ಷರ ಓದಲು ಕಷ್ಟಪಡುವವರು, ಮನೆಗೆಲಸದವರು, ವಾಚ್‌ಮನ್ ಕುಟುಂಬ ಎಲ್ಲ ಹೊರಗೇ ಉಳಿಯುತ್ತಾರೆ. ಹೂಕುಂಡಕ್ಕೆ ನೀರು ಹಾಕುವವರು, ಟ್ಯಾಂಕ್ ತೊಳೆಯುವವರು ಅವರೇ ಅಲ್ವಾ?

ಕ್ವಿಜ್ಜಿಗಿಂತ ಫೋಟೊ ಸ್ಪರ್ಧೆ ಒಂದು ಮೆಟ್ಟಿಲು ಮೇಲು. ‘ಈ ವಾರ ಫ್ರಿಜ್ ಟ್ರೇ ಫೋಟೊ, ಮುಂದಿನ ವಾರ ಟ್ಯಾಂಕ್ ಮುಚ್ಚಳ’ ಅಂತ ಒಂದೊಂದೇ ಕೇಳಿ. ಕಾಯಿಲೆ ಬಂದ ಮನೆಯ ಹೆಸರನ್ನು ಮಾತ್ರ ಗುಂಪಿನಲ್ಲಿ ಯಾರೂ ಹಾಕದಂತೆ ನೋಡಿಕೊಳ್ಳಿ.

ಲಾರ್ವಾ ಹುಡುಕಾಟ

ಎಲ್ಲಕ್ಕಿಂತ ಗಟ್ಟಿ ಆಟ ಇದು, ತೊಂದರೆಯೂ ಇದರಲ್ಲೇ ಹೆಚ್ಚು. ನಾಲ್ಕೈದು ಜನರ ತಂಡ ಮಾಡಿ, ಪ್ರತಿ ತಂಡಕ್ಕೂ ಒಂದು ಟಾರ್ಚು, ಉದ್ದ ಹಿಡಿಯ ಸೌಟು, ಬಿಳಿ ಬಟ್ಟಲು ಕೊಡಿ. ಒಂದು ಗಂಟೆಯಲ್ಲಿ ಯಾರು ಹೆಚ್ಚು ‘ಹುಳದ ಮನೆ’ ಹುಡುಕುತ್ತಾರೋ ಅವರು ಗೆದ್ದರು.

ಹುಡುಕುವುದು ಹೇಗೆ ಅಂತ ಮೊದಲು ತೋರಿಸಿ. ಡ್ರಮ್ಮಿನ ಮುಚ್ಚಳ ಮೆಲ್ಲಗೆ ತೆಗೆಯಬೇಕು, ನೆರಳು ಬಿದ್ದರೂ ಸಾಕು, ಹುಳಗಳು ಬಳುಕುತ್ತಾ ತಳಕ್ಕೆ ಇಳಿಯುತ್ತವೆ. ಖಾಲಿ ಅಂದುಕೊಂಡು ಮುಂದೆ ಹೋದರೆ ಕೆಟ್ಟಿರಿ. ಸ್ವಲ್ಪ ಹೊತ್ತು ಕಾಯಿರಿ. ಉಸಿರಾಡಲು ಅವು ಮೇಲೆ ಬರಲೇಬೇಕು. ಈಡಿಸ್ ಮರಿ ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ಚುಚ್ಚಿ ತಲೆ ಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್ ಮರಿ ಮೇಲ್ಮೈಗೆ ಒರಗಿ ಅಡ್ಡ ಮಲಗಿರುತ್ತದೆ. ಅಲ್ಪವಿರಾಮದಂತೆ ಬಾಗಿದ್ದು ಕಂಡರೆ ಅದು ಕೋಶ, ಒಂದೆರಡು ದಿನದಲ್ಲಿ ಹಾರಲಿದೆ. ಬಿಳಿ ಬಟ್ಟಲಿಗೆ ಬಗ್ಗಿಸಿ ಮನೆಯವರಿಗೇ ತೋರಿಸಿ. ತಾವು ಕುಡಿಯುವ, ಅಡುಗೆ ಮಾಡುವ ನೀರಿನಲ್ಲಿ ಅದು ಮಿಸುಕುವುದನ್ನು ಕಂಡವರಿಗೆ ಮತ್ತೆ ಭಾಷಣ ಬೇಕಿಲ್ಲ.

ಇನ್ನೊಂದು ಸೇರ್ಪಡೆ ಮಾಡಬಹುದು, ಇದಕ್ಕೆ ಗಂಡಸರೂ ಕೂಡುತ್ತಾರೆ. ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ನೀರು, ನಾಲ್ಕು ಹುಳ ಹಾಕಿ ಬಾಯಿಗೆ ತೆಳು ಬಟ್ಟೆ ಎರಡು ಪದರ ಬಿಗಿಯಾಗಿ ಕಟ್ಟಿ. ಎಷ್ಟನೇ ದಿನ ಸೊಳ್ಳೆ ಹೊರಬರುತ್ತದೆ ಅಂತ ಎಲ್ಲರೂ ಚೀಟಿ ಬರೆದು ಹಾಕಲಿ. ಬಾಟಲಿಯನ್ನು ಸಂಘದ ಕಚೇರಿಯಲ್ಲೋ ಟೀ ಅಂಗಡಿಯಲ್ಲೋ ಇಡಿ. ಕಾಲಿನ ಮೇಲೆ ಬಿಳಿ ಪಟ್ಟೆಯ ಸೊಳ್ಳೆ ಬಟ್ಟೆಗೆ ಬಂದು ಕೂತ ದಿನ ಅಲ್ಲಿ ಗುಂಪೇ ಸೇರುತ್ತದೆ. ಆಮೇಲೆ ಬಟ್ಟೆ ಬಿಚ್ಚಬೇಡಿ, ಮೇಲಿಂದಲೇ ಕುದಿಯುವ ನೀರು ಹುಯ್ಯಿರಿ. ಬಾಟಲಿಯ ಜವಾಬ್ದಾರಿ ಹೊರುವವರು ಯಾರೂ ಇಲ್ಲ ಅಂದರೆ ಈ ಭಾಗ ಬಿಟ್ಟುಬಿಡಿ.

ತೊಂದರೆ ಎಲ್ಲಿ? ಇನ್ನೊಬ್ಬರ ಮನೆ ಹಿತ್ತಲಿಗೆ ಕಾಲಿಡಬೇಕು. ‘ನಮ್ಮ ಮನೆ ಗಲೀಜು ಅಂತೀರಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಹುಡುಕಾಟವನ್ನು ಸಂಘದ ಅಧ್ಯಕ್ಷರ ಮನೆಯಿಂದಲೇ ಶುರು ಮಾಡಿ. ಅಲ್ಲೂ ಹುಳ ಸಿಕ್ಕಿದರೆ, ಸಾಮಾನ್ಯವಾಗಿ ಏನಾದರೂ ಸಿಗುತ್ತದೆ, ಉಳಿದವರಿಗೆ ಮುಜುಗರ ಇರುವುದಿಲ್ಲ. ಅಂಕವನ್ನು ಮನೆಗೆ ಕೊಡಬೇಡಿ, ಬೀದಿಗೆ ಕೊಡಿ. ದಂಡ ಹಾಕುವ ಅಧಿಕಾರಿಯನ್ನು ಆ ದಿನ ಜೊತೆಗೆ ಕರೆಯಲೇಬೇಡಿ.

ಬೇರೆ ದೇಶದ ಅನುಭವವೂ ಇದೇ ದಿಕ್ಕು ತೋರಿಸುತ್ತದೆ. ನಿಕರಾಗುವದ ಮನಾಗ್ವಾ ಮತ್ತು ಮೆಕ್ಸಿಕೊದ ಗೆರೆರೊ ರಾಜ್ಯದಲ್ಲಿ ‘ಕಮಿನೊ ವೆರ್ದೆ’ ಅನ್ನುವ ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಲ್ಲಿ ನೆರೆಹೊರೆಯವರೇ ಮನೆ ಮನೆಗೆ ಹೋಗಿ, ನೀರಿನ ತೊಟ್ಟಿಯಲ್ಲಿ ಹುಳ ತೋರಿಸಿ, ಏನು ಮಾಡಬೇಕು ಅಂತ ತಾವೇ ಕೂತು ತೀರ್ಮಾನಿಸಿದರು. ಮಕ್ಕಳಲ್ಲಿ ಹೊಸ ಡೆಂಗಿ ಸೋಂಕು ಸುಮಾರು 30% ಕಡಿಮೆಯಾಯಿತು. ಅದು ಆಟವಾಗಿರಲಿಲ್ಲ, ಸರಿ. ಆದರೆ ನಮ್ಮ ಹುಡುಕಾಟದ ಜೀವಾಳ ಅದೇ.

ನಿಮ್ಮ ಗುಂಪಿಗೆ ಯಾವುದು?

ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಅಳಗುಳಿಮಣೆ, ಮುಂದಿನ ವಾರ ಅದೇ ಬೀದಿಯಲ್ಲಿ ಹುಡುಕಾಟ. ಅಪಾರ್ಟ್‌ಮೆಂಟಿಗೆ ತಂಬೋಲ, ಆಮೇಲೆ ಫೋಟೊ ಸ್ಪರ್ಧೆ. ಗಾರ್ಮೆಂಟ್ಸ್‌ನಲ್ಲಿ ಊಟದ ವಿರಾಮ ಚಿಕ್ಕದು, ಅಲ್ಲಿ ಒಗಟು ಮಾತ್ರ ಸಾಕು, ದಿನಕ್ಕೆ ಒಂದು, ಬೋರ್ಡಿನ ಮೇಲೆ. ಅಜ್ಜ ಅಜ್ಜಿಯರ ಗುಂಪಿಗೆ ಹಾವು ಏಣಿ.

ಕಟ್ಟಡ ಕೆಲಸದ ಜಾಗ ಬೇರೆಯೇ ಲೆಕ್ಕ. ಮಂಗಳೂರಿನ ಮಲೇರಿಯಾಕ್ಕೂ ಕಟ್ಟಡ ಕೆಲಸಕ್ಕೂ ಇರುವ ನಂಟು ಹಳೆಯದು. ನಗರದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ ಟ್ಯಾಂಕು, ತೊಟ್ಟಿ, ಬಾವಿಯಲ್ಲಿ ಬೆಳೆಯುತ್ತದೆ. ಲಿಫ್ಟ್ ಗುಂಡಿ, ಬೇಸ್‌ಮೆಂಟ್, ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿಯಾಗಲು) ಸ್ಲ್ಯಾಬಿನ ಮೇಲೆ ಕಟ್ಟಿದ ನೀರು, ಎಲ್ಲವೂ ಅದಕ್ಕೆ ಅನುಕೂಲ. ಅಲ್ಲಿ ಕನ್ನಡ, ಹಿಂದಿ, ಒಡಿಯಾ, ಬಂಗಾಳಿ ಎಲ್ಲ ಮಾತಾಡುವವರಿರುತ್ತಾರೆ, ಹಾಗಾಗಿ ಮಾತಿಲ್ಲದ ಆಟವೇ ಸರಿ, ಅಂದರೆ ಹುಡುಕಾಟ. ಆದರೆ ಕೂಲಿಯವರನ್ನಷ್ಟೇ ಆಡಿಸುವುದು ನ್ಯಾಯವಲ್ಲ. ಲಿಫ್ಟ್ ಗುಂಡಿಯ ನೀರು ಪಂಪ್ ಮಾಡಿಸುವ ಅಧಿಕಾರ ಅವರಿಗಿಲ್ಲ. ಮೇಸ್ತ್ರಿ, ಸೈಟ್ ಎಂಜಿನಿಯರ್ ಇಬ್ಬರೂ ತಂಡದಲ್ಲಿ ಇರಬೇಕು, ಇಲ್ಲದಿದ್ದರೆ ಆಡಿಸಬೇಡಿ.

ನೀರು ವಾರಕ್ಕೊಮ್ಮೆ ಬರುವ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ. ಅಲ್ಲಿ ‘ಡ್ರಮ್ ಖಾಲಿ ಮಾಡಿ’ ಅನ್ನುವ ಆಟ ಆಡಿಸಿದರೆ ಹೆಂಗಸರು ನಕ್ಕು ಎದ್ದು ಹೋಗುತ್ತಾರೆ. ನಲ್ಲಿ ಮುಂದೆ ಕಾದು ತುಂಬಿಸಿದ ನೀರನ್ನು ಚೆಲ್ಲುವವರು ಯಾರು? ಅಂಥ ಕಡೆ ಅಳಗುಳಿಯಲ್ಲಿ ತೊಳೆಯುವುದರ ಬದಲು ‘ಬಟ್ಟೆ ಕಟ್ಟುವುದು’ ಗೆಲ್ಲುವ ನಡೆ ಆಗಲಿ. ಗುಳಿಯ ಮೇಲೆ ಕಾಗದದ ಚೂರು ಇಟ್ಟರೆ ಆ ಸುತ್ತಿಗೆ ಒಳಗೂ ಬೀಜ ಹೋಗುವಂತಿಲ್ಲ, ಹೊರಗೂ ಬರುವಂತಿಲ್ಲ. ದೊಡ್ಡ ತೊಟ್ಟಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡುವ ಕಾರ್ಡೂ ಇರಲಿ, ಮೀನು ಎಲ್ಲಿ ಸಿಗುತ್ತದೆ ಅಂತ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಂಡು.

ಫಲ ಸಿಕ್ಕಿತಾ ಅಂತ ನೋಡಲು ಆಟದ ಮೊದಲು, ಆಮೇಲೆ ಅಂತ ಪ್ರಶ್ನೆಪತ್ರಿಕೆ ಕೊಡುವುದು ರೂಢಿ. ಅದರಲ್ಲಿ ಅಂಕ ಏರಿಯೇ ಏರುತ್ತದೆ, ನಂಬಿ ಕೂರಬೇಡಿ. ಆರೋಗ್ಯ ಇಲಾಖೆಯವರು ಬಳಸುವ ಮನೆ ಸೂಚ್ಯಂಕವೇ ನಿಮ್ಮ ಸ್ಕೋರ್‌ಬೋರ್ಡ್ ಆಗಲಿ. ಲೆಕ್ಕ ಸುಲಭ: ನೂರು ಮನೆಗೆ ಎಷ್ಟು ಮನೆಯಲ್ಲಿ ಲಾರ್ವಾ ಸಿಕ್ಕಿತು? 50 ಮನೆ ನೋಡಿ 10ರಲ್ಲಿ ಸಿಕ್ಕಿದರೆ ಸೂಚ್ಯಂಕ 20. ಮೂರು ವಾರ ಬಿಟ್ಟು ಅದೇ ಮನೆಗಳನ್ನು ಮತ್ತೆ ನೋಡಿ. ಮೊದಲ ಸುತ್ತನ್ನು ಮೇ 16ರ ರಾಷ್ಟ್ರೀಯ ಡೆಂಗಿ ದಿನದ ಹೊತ್ತಿಗೆ ಇಟ್ಟುಕೊಂಡರೆ ಎರಡನೆಯದು ಮುಂಗಾರಿನ ಶುರುವಿಗೆ ಸರಿಯಾಗಿ ಬರುತ್ತದೆ.

ಬಹುಮಾನಕ್ಕೆ ಸ್ಟೀಲ್ ಡಬ್ಬಿ ಬೇಡ. ಡ್ರಮ್ಮಿನ ಬಾಯಿಗೆ ಎಲಾಸ್ಟಿಕ್ ಹಾಕಿ ಹೊಲಿದ ಬಟ್ಟೆ ಕೊಡಿ, ಸೋತವರಿಗೂ ಒಂದೊಂದು. ಸಂಘದಲ್ಲೇ ಹೊಲಿಗೆ ಬರುವವರು ಇರುತ್ತಾರೆ, ಹಳೆ ಕಾಟನ್ ಸೀರೆ ಸಾಕು. ಅಳತೆ ಮಾತ್ರ ಹುಡುಕಾಟದ ದಿನವೇ ಬರೆದುಕೊಂಡು ಬನ್ನಿ, 200 ಲೀಟರ್ ಡ್ರಮ್ಮಿಗೆ ಹೊಲಿದದ್ದು ಸಿಮೆಂಟ್ ತೊಟ್ಟಿಗೆ ಆಗುವುದಿಲ್ಲ.